ಕೂಸಿನ ಕಾಲಿಗೆ ಬಿಸಿನೀರು ಬಿತ್ತಾ? ರಕ್ತನಾಳ ಮತ್ತು ಲಿಂಫ್‌ನಾಳದ ಹುಟ್ಟು ದೋಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ಈಗ 9 ವರ್ಷ. ಅವಳ ಎಡಗಾಲಿನಲ್ಲಿ ಹುಟ್ಟುವಾಗಲೇ ಬಂದ ಒಂದು ತೊಂದರೆ ಇದೆ. ಕ್ಲಿಪ್ಪೆಲ್ ಟ್ರೆನೋನೆ ಸಿಂಡ್ರೋಮ್ ಅಂತ ಅದರ ಹೆಸರು. ಡಾಕ್ಟರರು ಚಿಕ್ಕದಾಗಿ ಕೆಟಿಎಸ್ ಅನ್ನುತ್ತಾರೆ.

ಕುಮಟಾದಲ್ಲಿ ನಮ್ಮ ಮನೆ, ಶಿರಸಿ ಕಡೆ ನನ್ನ ತವರು. ದೇವಿಮನೆ ಘಟ್ಟ ಹತ್ತಿ ಇಳಿಯುವ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಜನ ಕೇಳಿದ ಪ್ರಶ್ನೆಗಳು ಇವು. ಈಚೆಗೆ ಇಂಥದೇ ಮಗುವಿರುವ ಅಪ್ಪ ಅಮ್ಮಂದಿರೂ ಯಾರಿಂದಲೋ ನಂಬರ್ ಇಸಿದುಕೊಂಡು ಫೋನ್ ಮಾಡುತ್ತಾರೆ. ಅವರೆಲ್ಲ ಕೇಳಿದ ಹಾಗೇ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಕಾಗದ ಜೋಡಿಸಿಡುವ ಚಟ ಒಂದಿತ್ತು. ಕೊನೆಗೆ ಅದೇ ಉಪಯೋಗಕ್ಕೆ ಬಂತು.

## ಎಲ್ಲರೂ ಮೊದಲು ಕೇಳುವವು

ಕೂಸಿನ ಕಾಲಿಗೆ ಬಿಸಿನೀರು ಬಿತ್ತಾ?

ಇಲ್ಲ. ಹುಟ್ಟಿದಾಗಲೇ ಇತ್ತು. ಎಡ ಸೊಂಟದಿಂದ ಶುರುವಾಗಿ ತೊಡೆಯ ಹೊರಬದಿಯಲ್ಲಿ ಇಳಿದು ಹರಡಿನ ಹತ್ತಿರ ಮುಗಿಯುವ ಕೆಂಪು ಕಲೆ. ಮುರುಗಲು ಹಣ್ಣಿನ ಸಿಪ್ಪೆ ನೆನೆಸಿಟ್ಟ ನೀರು ಬಿಳಿ ಬಟ್ಟೆಗೆ ತಾಗಿದರೆ ಯಾವ ಬಣ್ಣ ಬರುತ್ತದೋ ಅದೇ ಬಣ್ಣ. ಅಂಚು ಮಾತ್ರ ನಕಾಶೆ ಬರೆದ ಹಾಗೆ ಸ್ಪಷ್ಟ. ಬೆರಳಿನಿಂದ ಒತ್ತಿದರೆ ಸ್ವಲ್ಪ ತಿಳಿಯಾಗುತ್ತದೆ, ಬಿಟ್ಟರೆ ಮತ್ತೆ ಕೆಂಪು. ಚರ್ಮದ ಕೆಳಗಿನ ಕೂದಲೆಳೆಯಂಥ ರಕ್ತನಾಳಗಳು ಬೇಕಾದ್ದಕ್ಕಿಂತ ಅಗಲವಾಗಿರುವುದರಿಂದ ಹೀಗೆ ಕಾಣುತ್ತದೆ. ಪೋರ್ಟ್ ವೈನ್ ಸ್ಟೇನ್ ಅಂತ ಇದಕ್ಕೆ ಹೆಸರು.

ಕೆಂಪು ಮಚ್ಚೆ ಇದ್ದ ಮಕ್ಕಳಿಗೆಲ್ಲ ದೊಡ್ಡ ಕಾಯಿಲೆ ಇರುತ್ತದೆ ಅಂತಲ್ಲ. ಹಣೆ, ಕಣ್ಣುರೆಪ್ಪೆ, ಕುತ್ತಿಗೆಯ ಹಿಂದೆ ತಿಳಿಗೆಂಪು ಗುರುತು ಬಹಳ ಕೂಸುಗಳಿಗೆ ಇರುತ್ತದೆ. ಮುಖದ್ದು ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ. ಕುತ್ತಿಗೆಯದು ಕೆಲವರಿಗೆ ಉಳಿದರೂ ತೊಂದರೆ ಕೊಡುವುದಿಲ್ಲ.

ಏನಾಗಿದೆ ಅಂತ ನಮಗೆ ತಿಳಿಯುವ ಹಾಗೆ ಹೇಳಿ ನೋಡುವ

ಅಡಿಕೆ ತೋಟ ನೋಡಿದವರಿಗೆ ಸುಲಭವಾಗಿ ಹೇಳಬಹುದು. ತೋಟಕ್ಕೆ ನೀರು ತರುವ ಕಾಲುವೆ ಒಂದು, ಹೆಚ್ಚಾದ ನೀರು ಹೊರಗೆ ಬಸಿದುಹೋಗುವ ಬಸಿಗಾಲುವೆ ಇನ್ನೊಂದು. ಮೈಯಲ್ಲೂ ಹಾಗೆಯೇ. ಹೃದಯದಿಂದ ಜೋರಾಗಿ ರಕ್ತ ತರುವ ನಾಳ ಆರ್ಟರಿ. ನಿಧಾನವಾಗಿ ವಾಪಸ್ ಒಯ್ಯುವುದು ವೇನ್. ಮಾಂಸದ ಸಂದಿಯಲ್ಲಿ ಉಳಿದ ತಿಳಿನೀರನ್ನು ಬಸಿದು ಒಯ್ಯುವುದು ಲಿಂಫ್‌ನಾಳ. ನಮ್ಮ ಪಾಲಿನ ಬಸಿಗಾಲುವೆ ಅದು. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಈ ನಾಳಗಳಲ್ಲಿ ಕೆಲವು ಸರಿಯಾಗಿ ಕಟ್ಟಿಕೊಳ್ಳದಿದ್ದರೆ ಅದೇ ಮಾಲ್‌ಫಾರ್ಮೇಶನ್. ಯಾವ ನಾಳ ಕೆಟ್ಟಿದೆಯೋ ಅದರ ಹೆಸರಿನಿಂದಲೇ ಕಾಯಿಲೆಯನ್ನು ಕರೆಯುತ್ತಾರೆ.

ನನ್ನ ಮಗಳಿಗೆ ಮೂರು ಕಡೆ ಕೆಟ್ಟಿದೆ: ಚರ್ಮದ ಸಣ್ಣ ನಾಳ, ವೇನ್, ಲಿಂಫ್. ಅದರ ಜೊತೆ ಆ ಕಾಲು ಇನ್ನೊಂದಕ್ಕಿಂತ ದಪ್ಪ, ಉದ್ದ. ಇಷ್ಟು ಸೇರಿದರೆ ಕೆಟಿಎಸ್.

ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ? ನಾಗದೋಷ ಏನಾದರೂ?

ನನ್ನ ಅತ್ತೆ ಮೊದಲ ದಿನವೇ ಕೇಳಿದ್ದು ಇದನ್ನೇ. ಪಾಪ, ಅವರಿಗೂ ಹೆದರಿಕೆ. ನಾಗಬನದಲ್ಲಿ ಹಾಲು ಹಾಕಿಸಿದೆವು, ಗೋಕರ್ಣಕ್ಕೂ ಹೋಗಿ ಬಂದೆವು. ಅದರಲ್ಲಿ ತಪ್ಪೇನಿಲ್ಲ. ಆದರೆ ಕಾರಣ ಅಲ್ಲಿಲ್ಲ. ಮಗು ಗರ್ಭದಲ್ಲಿ ರೂಪುಗೊಳ್ಳುತ್ತಿರುವಾಗ ಒಂದು ಜೀವಕೋಶದ ಜೀನ್‌ನಲ್ಲಿ ಒಂದಕ್ಷರ ತಪ್ಪಿದ ಹಾಗೆ ಆಗುತ್ತದೆ. ಆ ಕೋಶದಿಂದ ಹುಟ್ಟಿದ ಭಾಗಕ್ಕೆಲ್ಲ ಆ ತಪ್ಪು ಹೋಗುತ್ತದೆ. ಉಳಿದ ಮೈಯೆಲ್ಲ ಸರಿ. ತಾಯಿ ತಿಂದದ್ದು, ಕುಡಿದದ್ದು, ಗ್ರಹಣದಲ್ಲಿ ತುರಿಸಿಕೊಂಡದ್ದು ಯಾವುದರಿಂದಲೂ ಇದು ಬರುವುದಿಲ್ಲ. ಬಸುರಿಯಾಗಿದ್ದಾಗ ನಾನು ಮಾಡಿದ್ದನ್ನೆಲ್ಲ ಲೆಕ್ಕ ಹಾಕುತ್ತ ಒಂದು ವರ್ಷ ಸುಮ್ನೆ ಅತ್ತಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಬರೆ ಹಾಕಿಸಲು ಬಿಡಬೇಡಿ. ಈ ಕಾಲಿನ ಮೇಲೆ ಆದ ಸುಟ್ಟಗಾಯ ಬೇಗ ಮಾಯುವುದಿಲ್ಲ, ರಕ್ತ ಬಂದರೆ ಬೇಗ ನಿಲ್ಲುವುದೂ ಇಲ್ಲ.

ತಂಗೀ, ಇದು ಆನೆಕಾಲಲ್ವಾ?

ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆ ಬರಲೇಬೇಕು. ಆನೆಕಾಲು ಇಲ್ಲಿ ಹಿಂದಿನಿಂದ ಇದ್ದ ಕಾಯಿಲೆ. ಮನೆಮನೆಗೆ ಬಂದು ಎದುರಿಗೇ ಡಿಇಸಿ ಮಾತ್ರೆ ನುಂಗಿಸಿ ಹೋಗುತ್ತಿದ್ದದ್ದು ಎಲ್ಲರಿಗೂ ನೆನಪಿರುತ್ತದೆ. ಅಲ್ಲೂ ಕೆಡುವುದು ಲಿಂಫ್‌ನಾಳವೇ, ಆದ್ದರಿಂದ ನೋಡಲು ಒಂದೇ ಥರ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಆನೆಕಾಲು ಸೊಳ್ಳೆಯಿಂದ ಬರುವ ಹುಳದ ಕಾಯಿಲೆ. ಹುಳ ಮೈಗೆ ಸೇರಿ ಕಾಲು ಬಾತುಕೊಳ್ಳಲು ವರ್ಷಗಟ್ಟಲೆ ಬೇಕು. ಹುಟ್ಟಿದ ಕೂಸಿಗೆ ಅದು ಇರುವುದಿಲ್ಲ. ಆನೆಕಾಲಿನಲ್ಲಿ ಎಲುಬು ಉದ್ದವಾಗುವುದಿಲ್ಲ, ಹುಟ್ಟುಕಲೆಯೂ ಇರುವುದಿಲ್ಲ.

ಮನಸ್ಸಿನ ಸಮಾಧಾನಕ್ಕೆ ರಾತ್ರಿ ರಕ್ತಪರೀಕ್ಷೆ ಮಾಡಿಸಿದರೆ ನಷ್ಟವೇನಿಲ್ಲ. ಹುಳದ ಮರಿಗಳು ರಾತ್ರಿಯೇ ರಕ್ತದಲ್ಲಿ ಓಡಾಡುವುದರಿಂದ ಆ ಹೊತ್ತಿಗೆ ರಕ್ತ ತೆಗೆಯುತ್ತಾರೆ. ನಾವೂ ಮಾಡಿಸಿದ್ದೆವು. ಏನೂ ಇರಲಿಲ್ಲ.

ಬಸುರಿಯಾಗಿದ್ದಾಗ ಅಷ್ಟು ಸ್ಕ್ಯಾನಿಂಗ್ ಮಾಡಿದರಲ್ಲ, ಆಗಲೇ ಕಾಣಲಿಲ್ವಾ?

ಕುತ್ತಿಗೆಯಲ್ಲೋ ಎದೆಯಲ್ಲೋ ದೊಡ್ಡ ನೀರುಗುಳ್ಳೆ ಇದ್ದರೆ ಕೆಲವೊಮ್ಮೆ ಕಾಣುತ್ತದೆ. ಚರ್ಮದ ಬಣ್ಣ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ಎರಡು ಕಾಲಿನ ನಡುವೆ ಸಣ್ಣ ವ್ಯತ್ಯಾಸ ಇದ್ದರೂ ತಿಳಿಯುವುದು ಕಷ್ಟ.

ದೊಡ್ಡವಳಾದ ಮೇಲೆ ತನ್ನಷ್ಟಕ್ಕೇ ಹೋಗುತ್ತದಂತಲ್ಲ? ನಮ್ಮ ಅಣ್ಣನ ಮಗನಿಗೂ ಹೋಯಿತು

ನಿಮ್ಮ ಅಣ್ಣನ ಮಗನಿಗೆ ಇದ್ದದ್ದು ಬಹುಶಃ ಹೆಮಾಂಜಿಯೋಮಾ, ಅಂದರೆ ಹುಟ್ಟಿದ ಮೇಲೆ ಬೆಳೆಯುವ ರಕ್ತನಾಳದ ಗಂಟು. ನಮ್ಮದು ಮಾಲ್‌ಫಾರ್ಮೇಶನ್. ನಮ್ಮ ಎರಡು ವರ್ಷ ಹಾಳಾಗಿದ್ದು ಈ ಎರಡು ಹೆಸರು ಅದಲುಬದಲಾಗಿದ್ದಕ್ಕೇ. ಹಾಗಾಗಿ ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೆಮಾಂಜಿಯೋಮಾ ಹುಟ್ಟುವಾಗ ಸಾಮಾನ್ಯವಾಗಿ ಇರುವುದೇ ಇಲ್ಲ, ಇದ್ದರೂ ಒಂದು ಚುಕ್ಕೆಯಷ್ಟು. ಕೆಲವು ವಾರಗಳಲ್ಲಿ ಎದ್ದು ಕಾಣುತ್ತದೆ. ಮೊದಲ ಮೂರು ತಿಂಗಳು ಭರಭರ ಬೆಳೆಯುತ್ತದೆ. ಐದು ತಿಂಗಳ ಹೊತ್ತಿಗೆ ಹೆಚ್ಚಿನ ಬೆಳವಣಿಗೆ ಮುಗಿದಿರುತ್ತದೆ. ಆಮೇಲೆ ನಿಧಾನವಾಗಿ ಕುಗ್ಗುತ್ತ ಬಂದು ಶಾಲೆಗೆ ಹೋಗುವ ವಯಸ್ಸಿಗೆ ಬಹಳಷ್ಟು ಮಾಸಿರುತ್ತದೆ. ಬೇಕಾದವರಿಗೆ ಪ್ರೊಪ್ರನೊಲಾಲ್ ಅನ್ನುವ ಔಷಧ ಕೊಡುತ್ತಾರೆ. ಅದು ಹೃದಯಕ್ಕೆ, ಬಿಪಿಗೆ ಕೊಡುವ ಹಳೇ ಔಷಧ. ಹೆಮಾಂಜಿಯೋಮಾಕ್ಕೂ ನಾಟುತ್ತದೆ ಅಂತ ಫ್ರಾನ್ಸಿನ ಬೋರ್ಡೋದ ಡಾಕ್ಟರರು ಆಕಸ್ಮಿಕವಾಗಿ ಕಂಡುಕೊಂಡು 2008ರಲ್ಲಿ ಬರೆದರು.

ಮಾಲ್‌ಫಾರ್ಮೇಶನ್ ಹಾಗಲ್ಲ. ಅದು ಹುಟ್ಟುವಾಗಲೇ ಇರುತ್ತದೆ, ಕೆಲವೊಮ್ಮೆ ಒಳಗೇ ಇದ್ದು ತಡವಾಗಿ ಕಾಣಿಸಿಕೊಳ್ಳುತ್ತದೆ. ಮಗು ಬೆಳೆದ ಹಾಗೆ ತಾನೂ ಬೆಳೆಯುತ್ತದೆ. ತಾನಾಗಿ ಹೋಗುವುದಿಲ್ಲ. ಪ್ರೊಪ್ರನೊಲಾಲ್ ಇದಕ್ಕೆ ನಾಟುವುದಿಲ್ಲ.

ಈ ಎರಡನ್ನೂ ಬೇರೆ ಮಾಡಿ ತೋರಿಸಿದ್ದು 1982ರಲ್ಲಿ, ಬೋಸ್ಟನ್‌ನ ಮುಲಿಕನ್ ಮತ್ತು ಗ್ಲೊವಾಕಿ ಎಂಬಿಬ್ಬರು. ಅದಕ್ಕೂ ಮೊದಲು ರಕ್ತನಾಳದ ಗಂಟು ಅಂದರೆ ಸಾಕು, ಎಲ್ಲದಕ್ಕೂ ಹೆಮಾಂಜಿಯೋಮಾ ಅಂತಲೇ ಬರೆಯುತ್ತಿದ್ದರು. ಈಗಲೂ ಎಷ್ಟೋ ರಿಪೋರ್ಟಿನಲ್ಲಿ ಹಾಗೇ ಬರುತ್ತದೆ. ನಿಮ್ಮ ಮಗುವಿನ ಚೀಟಿಯಲ್ಲಿ ಆ ಪದ ಇದ್ದು, ಕಲೆ ಹುಟ್ಟಿದ ದಿನವೇ ಅಷ್ಟಗಲ ಇತ್ತು ಅಂತ ನಿಮಗೆ ಗೊತ್ತಿದ್ದರೆ ಇನ್ನೊಮ್ಮೆ ಕೇಳಿ. ಕೇಳಿದರೆ ಡಾಕ್ಟರರಿಗೆ ಬೇಜಾರಾಗಬಹುದು. ಆಗಲಿ.

## ಪತ್ತೆ ಹಚ್ಚುವ ದಾರಿ

ಹುಟ್ಟಿದ ದಿನವೇ ಕಂಡಿತ್ತು ಅಂದಿರಿ. ಮತ್ತೆ ಹೆಸರು ಗೊತ್ತಾಗಲು ಎರಡೂವರೆ ವರ್ಷ ಯಾಕೆ?

ಹೆಸರು ಗೊತ್ತಾದಾಗ ಅವಳಿಗೆ 2 ವರ್ಷ 8 ತಿಂಗಳು. ಹುಟ್ಟಿದ ಆಸ್ಪತ್ರೆಯಲ್ಲಿ "ಹೆಮಾಂಜಿಯೋಮಾ, ಐದು ವರ್ಷಕ್ಕೆ ಹೋಗುತ್ತದೆ" ಅಂದರು. ನಾವು ನಂಬಿ ಮನೆಗೆ ಬಂದೆವು.

ಮೊದಲ ಹುಟ್ಟುಹಬ್ಬಕ್ಕೆ ನನ್ನ ಆಯಿ ಬೆಳ್ಳಿ ಗೆಜ್ಜೆ ಮಾಡಿಸಿದ್ದರು. ಬಲಗಾಲಿಗೆ ಸಲೀಸಾಗಿ ಬಂತು. ಎಡಗಾಲಿನದು ಎಷ್ಟು ಎಳೆದರೂ ಕೊಂಡಿ ಕೂಡಲಿಲ್ಲ. ಅಕ್ಕಸಾಲಿಗರು ಅಳತೆ ತಪ್ಪಿದ್ದಾರೆ ಅಂತ ಆಯಿ ಬೈದರು. ಅತ್ತೆ ಮಾತ್ರ ಮಾತಾಡದೆ ಎರಡೂ ಕಾಲನ್ನು ಜೋಡಿಸಿ ಹಿಡಿದು ನೋಡುತ್ತ ಕೂತರು. ಆ ಗೆಜ್ಜೆಯನ್ನು ನಾನು ಇನ್ನೂ ಮುರಿಸಿಲ್ಲ.

ಒಂದೂವರೆ ವರ್ಷಕ್ಕೆ ತೊಡೆಯ ಮೇಲೆ ಸಾಬಕ್ಕಿ ಕಾಳಿನಂಥ ಸಣ್ಣ ಸಣ್ಣ ಗುಳ್ಳೆ ಎದ್ದವು. ಕೆಲವು ನೀರಿನ ಹಾಗೆ, ಕೆಲವು ಕಪ್ಪು ಕೆಂಪು. ಒಡೆದು ಜಿನುಗುತ್ತಿದ್ದವು. ಅವು ಲಿಂಫ್ ತುಂಬಿದ ಗುಳ್ಳೆಗಳು. ಅದು ತಿಳಿಯುವವರೆಗೆ ಒಬ್ಬರು ಗಜಕರ್ಣದ ಮುಲಾಮು ಕೊಟ್ಟರು, ಇನ್ನೊಬ್ಬರು ನರೋಲಿ ಅಂದರು, ಮತ್ತೊಬ್ಬರು ಅಲರ್ಜಿ ಅಂದರು. ಚರ್ಮದವರು ಚರ್ಮ ನೋಡಿದರು, ಮೂಳೆಯವರು ಮೂಳೆ ನೋಡಿದರು. ಕಲೆ, ಗುಳ್ಳೆ, ದಪ್ಪ ಕಾಲು ಮೂರನ್ನೂ ಒಟ್ಟಿಗೆ ಒಬ್ಬರೇ ನೋಡಿದ ದಿನ ಹೆಸರು ಹೇಳಲು ಅವರಿಗೆ ಹತ್ತು ನಿಮಿಷ ಸಾಕಾಯಿತು.

ಯಾರದ್ದೂ ದ್ವೇಷದಿಂದ ಆದ ತಪ್ಪಲ್ಲ. ಹೆಚ್ಚಿನ ಡಾಕ್ಟರರು ಇಂಥ ಮಗುವನ್ನು ಪುಸ್ತಕದಲ್ಲಿ ಮಾತ್ರ ನೋಡಿರುತ್ತಾರೆ. ಆದರೂ "ಗೊತ್ತಿಲ್ಲ, ಮುಂದೆ ತೋರಿಸಿ" ಅಂತ ಒಬ್ಬರಾದರೂ ಅಂದಿದ್ದರೆ ಅಂತ ಈಗಲೂ ಅನಿಸುತ್ತದೆ.

ಯಾವ ಡಾಕ್ಟರ ಹತ್ತಿರ ಹೋಗಬೇಕು? ಚರ್ಮದವರಾ, ಮೂಳೆಯವರಾ?

ಮೊದಲು ಮಕ್ಕಳ ಡಾಕ್ಟರು. ಅವರ ಚೀಟಿ ಹಿಡಿದು ಪೀಡಿಯಾಟ್ರಿಕ್ ಸರ್ಜನ್ ಅಥವಾ ವ್ಯಾಸ್ಕುಲರ್ (ರಕ್ತನಾಳದ) ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ. ಅಲ್ಲಿ ಇಂಟರ್ವೆನ್ಶನಲ್ ರೇಡಿಯಾಲಜಿ ವಿಭಾಗ ಇದೆಯಾ ಅಂತ ವಿಚಾರಿಸಿ. ಸ್ಕ್ಯಾನ್ ಓದುವುದೂ ಅವರೇ, ಮುಂದೆ ಸೂಜಿ ಹಾಕಿ ಚಿಕಿತ್ಸೆ ಮಾಡುವುದೂ ಅವರೇ. ನಮ್ಮ ಅನುಭವದಲ್ಲಿ ಹೆಚ್ಚು ಉಪಯೋಗ ಆದದ್ದು ಅವರಿಂದ.

ಕಾರವಾರದಲ್ಲೇ ಆಗುವುದಿಲ್ವಾ? ಅಷ್ಟು ದೂರ ಹೋಗಲೇಬೇಕಾ?

ಶುರು ಮಾಡಲು ಜಿಲ್ಲೆಯೊಳಗೇ ಆಗುತ್ತದೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ರಕ್ತಪರೀಕ್ಷೆ, ಎಕ್ಸ್‌ರೇ, ಅಲ್ಟ್ರಾಸೌಂಡ್ ಇಲ್ಲೇ ಮುಗಿಸಿಕೊಳ್ಳಿ. ಇದರ ಪರಿಣತರು ಬೇಕು ಅಂದಾಗ ಮಾತ್ರ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಬೆಂಗಳೂರು. ಕಾರವಾರದ ಕಡೆಯವರಿಗೆ ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜು ಹತ್ತಿರ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಮ್ಮ ಜನ ಕೂಗಿ ಕೂಗಿ ಸೋತಿದ್ದಾರೆ, ಆ ಕಥೆ ಇಲ್ಲಿ ಬೇಡ.

ಮಳೆಗಾಲದಲ್ಲಿ ದೊಡ್ಡ ತಪಾಸಣೆಯ ದಿನ ಇಟ್ಟುಕೊಳ್ಳಬೇಡಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಗೊತ್ತಲ್ಲ. ನಾವು ಈಗ ರೈಲಿನಲ್ಲೇ ಹೋಗುತ್ತೇವೆ. ಮಣಿಪಾಲಕ್ಕಾದರೆ ಉಡುಪಿಯಲ್ಲಿ ಇಳಿಯಬೇಕು. ಬೆಂಗಳೂರಿಗೆ ಪಂಚಗಂಗಾ ಹತ್ತಿದರೆ ಕೂಸು ರಾತ್ರಿಯೆಲ್ಲ ಕಾಲು ಚಾಚಿ ಮಲಗುತ್ತಾಳೆ. ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಸಂಜೆಗೆ ಬಾತಿರುತ್ತದೆ.

ಮೊದಲೇ ಎಂಆರ್‌ಐ ಮಾಡಿಸಿಬಿಡೋಣ್ವಾ? ಹೇಗೂ ಕೊನೆಗೆ ಅದೇ ಹೇಳುತ್ತಾರೆ

ಮೊದಲು ಡಾಪ್ಲರ್ ಅಲ್ಟ್ರಾಸೌಂಡ್. ಖರ್ಚು ಕಡಿಮೆ, ಮಗುವನ್ನು ಮಲಗಿಸುವ ಔಷಧವೂ ಬೇಡ. ಬಹು ಮುಖ್ಯವಾದ ಒಂದು ಪ್ರಶ್ನೆಗೆ ಅದೇ ಉತ್ತರ ಕೊಡುತ್ತದೆ: ಒಳಗೆ ರಕ್ತ ಜೋರಾಗಿ ಓಡುತ್ತಿದೆಯಾ, ನಿಧಾನವಾಗಿ ಓಡುತ್ತಿದೆಯಾ?

ನಾವು ಹೋದಾಗ ಕತ್ತಲೆ ಕೋಣೆ, ತಣ್ಣಗಿನ ಜೆಲ್, ಅವಳ ಅಳು. ರೇಡಿಯಾಲಜಿಸ್ಟ್ ಮೇಡಂ ಸಾವಕಾಶದವರು. ಮೊದಲು ತೊಡೆಸಂದಿಯಲ್ಲಿ ಯಂತ್ರ ಇಟ್ಟು "ಇದು ಆರ್ಟರಿ, ಕೇಳಿ" ಅಂದರು. ಟಪ್ ಟಪ್ ಅಂತ ಕುದುರೆ ಓಡಿದ ಸದ್ದು. ಆಮೇಲೆ ಊದಿಕೊಂಡಿದ್ದ ಕಡೆ ಇಟ್ಟರು. ಏನೂ ಸದ್ದಿಲ್ಲ. ಮೀನಖಂಡವನ್ನು ಕೈಯಿಂದ ಮೆತ್ತಗೆ ಹಿಂಡಿದರು. ಆಗ ಸೊಂಯ್ ಅಂತ ಉದ್ದಕ್ಕೆ ಒಂದು ಉಸಿರು ಬಿಟ್ಟ ಹಾಗೆ ಕೇಳಿತು. "ನಿಧಾನದ್ದು. ಒಳ್ಳೆಯದೇ ಆಯಿತು" ಅಂದರು. ಅವಳನ್ನು ನಿಲ್ಲಿಸಿಯೂ ನೋಡಿದರು, ನಿಂತಾಗ ವೇನ್ ತುಂಬಿಕೊಳ್ಳುತ್ತದೆ. ಯಂತ್ರವನ್ನು ಬಲವಾಗಿ ಒತ್ತುತ್ತಲೂ ಇರಲಿಲ್ಲ, ಒತ್ತಿದರೆ ವೇನ್ ಚಪ್ಪಟೆಯಾಗಿ ಕಾಣದೇ ಹೋಗುತ್ತದಂತೆ. ಇದಕ್ಕೂ ಹಿಂದೆ ಬೇರೆ ಕಡೆ ಎರಡೇ ನಿಮಿಷದಲ್ಲಿ ಒತ್ತಿ ನೋಡಿ ನಾರ್ಮಲ್ ಅಂತ ಬರೆದುಕೊಟ್ಟಿದ್ದರು. ಯಂತ್ರ ಅದೇ ಥರದ್ದು, ಕೈ ಬೇರೆ.

ಜೋರಾಗಿ ಓಡುವ ಸದ್ದು ಬಂದರೆ ದಾರಿಯೇ ಬೇರೆ. ಆರ್ಟರಿ ಮತ್ತು ವೇನ್ ನಡುವೆ ನೇರ ಸಂಪರ್ಕ ಇದೆ ಅಂತ ಅರ್ಥ. ಕಾಲೂ ದಪ್ಪಗಿದ್ದರೆ ಪಾರ್ಕ್ಸ್ ವೆಬರ್ ಸಿಂಡ್ರೋಮ್ ಇರಬಹುದು. ಅಲ್ಲಿ ಹೃದಯದ ಮೇಲೂ ಭಾರ ಬೀಳುತ್ತದೆ, ಆದ್ದರಿಂದ ಹೃದಯದ ಸ್ಕ್ಯಾನ್ ಆದ ಎಕೋ ಕೂಡ ಬೇಕು. ಕೆಟಿಎಸ್‌ಗೂ ಅದಕ್ಕೂ ಬರೀ ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದು ಕಷ್ಟ.

ಎಂಆರ್‌ಐ ಆಮೇಲೆ. ಎಷ್ಟು ಆಳಕ್ಕೆ ಇಳಿದಿದೆ, ಮಾಂಸದೊಳಗೆ ಇದೆಯಾ, ಕಿಬ್ಬೊಟ್ಟೆಯವರೆಗೆ ಹೋಗಿದೆಯಾ ಅಂತ ಅದು ತೋರಿಸುತ್ತದೆ. ಕಾಲಿನ ಜೊತೆ ಕಿಬ್ಬೊಟ್ಟೆಯನ್ನೂ ಸೇರಿಸಿ ತೆಗೆಯುತ್ತಾರಾ ಅಂತ ಕೇಳಿಕೊಳ್ಳಿ. ನಮ್ಮದು ಮೊದಲ ಸಲ ಮೊಣಕಾಲಿನವರೆಗೆ ಮಾತ್ರ ತೆಗೆದು, ಇನ್ನೊಮ್ಮೆ ಮಾಡಿಸಬೇಕಾಯಿತು.

ಇಷ್ಟು ಸಣ್ಣ ಕೂಸಿಗೆ ಮತ್ತು ಬರಿಸಿದರೆ ಏನೂ ಆಗುವುದಿಲ್ವಾ?

ಎಂಆರ್‌ಐ ಒಳಗೆ ಮುಕ್ಕಾಲು ತಾಸು ಅಲ್ಲಾಡದೆ ಮಲಗಬೇಕು. ಎರಡು ವರ್ಷದ ಮಗು ಮಲಗುತ್ತದಾ? ಅದಕ್ಕೇ ಔಷಧ. ಮೂರು ತಿಂಗಳೊಳಗಿನ ಕೂಸಾದರೆ ಕೆಲವು ಕಡೆ ಹಾಲು ಕುಡಿಸಿ, ಬಟ್ಟೆ ಸುತ್ತಿ, ನಿದ್ದೆ ಬಂದಾಗಲೇ ಮುಗಿಸುತ್ತಾರೆ. ಎಷ್ಟು ತಾಸು ಏನೂ ಕೊಡಬಾರದು ಅಂತ ಅನೆಸ್ತೇಶಿಯಾ ಡಾಕ್ಟರು ಹೇಳುತ್ತಾರೆ. ಅದನ್ನು ಚಾಚೂ ತಪ್ಪದೆ ಪಾಲಿಸಿ, ಅಜ್ಜಿ ಮುಚ್ಚಿಟ್ಟು ಬಿಸ್ಕತ್ತು ಕೊಡದ ಹಾಗೆ ನೋಡಿಕೊಳ್ಳಿ. ಶೀತ, ಕೆಮ್ಮು ಇದ್ದರೆ ಮೊದಲೇ ಹೇಳಿ, ಅವರೇ ಮುಂದೆ ಹಾಕುತ್ತಾರೆ.

ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆ ಮಾಡಿದರೆ ಬೇಗ ಗೊತ್ತಾಗುವುದಿಲ್ವಾ?

ಡಾಪ್ಲರ್ ಆಗುವ ಮೊದಲು ಯಾರಿಗೂ ಸೂಜಿ ಹಾಕಲು ಬಿಡಬೇಡಿ. ಒಳಗೆ ಏನು ಹರಿಯುತ್ತಿದೆ ಅಂತ ಗೊತ್ತಿಲ್ಲದೆ ಚುಚ್ಚಿದರೆ ರಕ್ತ ಸೋರಬಹುದು, ಸೋಂಕು ಆಗಬಹುದು. ಇಷ್ಟಕ್ಕೂ ಬಹಳ ಮಕ್ಕಳಲ್ಲಿ ನೋಡಿ, ಕೇಳಿ, ಸ್ಕ್ಯಾನ್ ಮಾಡಿಯೇ ಹೆಸರು ಹೇಳಬಹುದು. ಸ್ಕ್ಯಾನ್‌ನಲ್ಲಿ ಸಂಶಯ ಉಳಿದರೆ, ಗಟ್ಟಿ ಗಂಟು ಕಂಡರೆ ಆಗ ಬಯಾಪ್ಸಿ ಮಾತು.

ನಮ್ಮ ಮಗನಿಗೆ ಕುತ್ತಿಗೆಯಲ್ಲಿ ಮೆತ್ತಗಿನ ಗಂಟು, ನಿಮ್ಮದು ಕಾಲು. ಎರಡೂ ಒಂದೇನಾ?

ಒಂದೇ ಕುಟುಂಬದ್ದು, ಮನೆ ಬೇರೆ. ಕುತ್ತಿಗೆ, ಕಂಕುಳಲ್ಲಿ ಬರುವ ಮೆತ್ತಗಿನ ಗಂಟು ಬರೀ ಲಿಂಫ್‌ನಾಳದ್ದಾಗಿರಬಹುದು. ಹಳಬರು ಸಿಸ್ಟಿಕ್ ಹೈಗ್ರೋಮಾ ಅನ್ನುತ್ತಿದ್ದರು. ಈಗ ದೊಡ್ಡ ಗುಳ್ಳೆಯದು, ಸಣ್ಣ ಗುಳ್ಳೆಯದು ಅಂತ ಎರಡು ಮಾಡುತ್ತಾರೆ. ದೊಡ್ಡ ಗುಳ್ಳೆಯದಕ್ಕೆ ಚಿಕಿತ್ಸೆ ಸುಲಭ. ಕತ್ತಲೆಯಲ್ಲಿ ಟಾರ್ಚ್ ಹಿಡಿದರೆ ಅದು ಲಾಟೀನಿನ ಹಾಗೆ ಬೆಳಗುತ್ತದೆ, ಡಾಕ್ಟರರೂ ಹಾಗೆ ನೋಡುತ್ತಾರೆ. ಶೀತ ಜ್ವರ ಬಂದಾಗ ಗಂಟು ದೊಡ್ಡದಾಗಿ ಆಮೇಲೆ ಇಳಿಯುವುದು ಇದರ ಸ್ವಭಾವ. ಒಂದೇ ರಾತ್ರಿಯಲ್ಲಿ ನೀಲಿಯಾಗಿ ಗಟ್ಟಿಯಾದರೆ ಒಳಗೆ ರಕ್ತ ಸೋರಿರಬಹುದು. ಕುತ್ತಿಗೆಯದು ಉಸಿರಿನ ದಾರಿಗೆ ಹತ್ತಿರ, ಅದಕ್ಕೇ ಕಾಲಿನ ಹಾಗೆ ಕಾಯುತ್ತ ಕೂರಬಾರದು.

ಮುಖದ ಒಂದು ಬದಿ, ಅದರಲ್ಲೂ ಹಣೆ ಮತ್ತು ಕಣ್ಣಿನ ಮೇಲೆ ಪೋರ್ಟ್ ವೈನ್ ಕಲೆ ಇದ್ದರೆ ಅದು ಮತ್ತೊಂದು ದಾರಿ. ಕಣ್ಣು, ಮೆದುಳಿಗೂ ತಾಗುವ ಸ್ಟರ್ಜ್ ವೆಬರ್ ಸಿಂಡ್ರೋಮ್ ಇರಬಹುದಾ ಅಂತ ಕಣ್ಣಿನ ಒತ್ತಡ ನೋಡಬೇಕು, ಫಿಟ್ಸ್ ಬಂದಿತ್ತಾ ಅಂತ ಹೇಳಬೇಕು.

ಡಾಕ್ಟರ ಹತ್ತಿರ ಹೋಗುವಾಗ ಏನೇನು ಒಯ್ಯಬೇಕು?

ಫೋಟೋ, ಟೇಪಿನ ಅಳತೆ, ಸಿಡಿ. ಬರೀ ರಿಪೋರ್ಟ್ ಸಾಕಾಗುವುದಿಲ್ಲ. ಎಂಆರ್‌ಐ ಸಿಡಿ ಇಲ್ಲದಿದ್ದರೆ ಹೊಸ ಡಾಕ್ಟರು ಮತ್ತೆ ಮಾಡಿಸಿ ಅನ್ನುತ್ತಾರೆ.

ಹುಟ್ಟಿದ ವಾರದ ಫೋಟೋ ಚಿನ್ನಕ್ಕೆ ಸಮ. ನಮ್ಮಲ್ಲಿ ಕೂಸಿನ ಫೋಟೋ ತೆಗೆದರೆ ದೃಷ್ಟಿ ಆಗುತ್ತದೆ ಅಂತ ಬಿಡುವುದಿಲ್ಲ. ನನ್ನ ತಮ್ಮ ಕದ್ದು ಮೊಬೈಲಿನಲ್ಲಿ ತೆಗೆದಿದ್ದ ಒಂದೇ ಒಂದು ಫೋಟೋದಲ್ಲಿ ಕಾಲಿನ ಕಲೆ ಪೂರ್ತಿ ಕಾಣುತ್ತಿತ್ತು. "ಹುಟ್ಟಿದ ಮೂರನೇ ದಿನ ಇಷ್ಟಗಲ ಇತ್ತು" ಅಂತ ಅದನ್ನು ತೋರಿಸಿದ ಮೇಲೇ ಹೆಮಾಂಜಿಯೋಮಾ ಅನ್ನುವ ಮಾತು ನಿಂತಿತು.

ಅಳತೆಗೆ ದರ್ಜಿಯ ಟೇಪ್ ಸಾಕು. ಮೊಣಕಾಲ ಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ, 10 ಕೆಳಗೆ, ಎರಡೂ ಕಾಲಿಗೆ. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು. ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಫೈಲಿನ ಮೇಲಿಡಿ. ಡಾಕ್ಟರರು ಓದುವುದು ಮೊದಲ ಹಾಳೆ ಮಾತ್ರ, ಅವರನ್ನು ಬೈದು ಪ್ರಯೋಜನವಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ.

## ಹೆಸರು ಸಿಕ್ಕ ಮೇಲೆ ಕೇಳುವವು

ಜೀನ್ ಟೆಸ್ಟಿಗೆ ರಕ್ತ ಕೊಟ್ಟೆವು, ನಾರ್ಮಲ್ ಬಂತು. ಹಾಗಾದರೆ ಕಾಯಿಲೆ ಇಲ್ಲ ಅಂತಲಾ?

ಇದನ್ನು ಕೇಳಿದವರು ಹೊನ್ನಾವರದ ಕಡೆಯ ಒಬ್ಬ ಅಪ್ಪ. ದುಡ್ಡು ದಂಡ ಆದ ಬೇಜಾರು ಅವರ ದನಿಯಲ್ಲಿತ್ತು. ಗ್ರಹಣದ ಪ್ರಶ್ನೆಗೆ ಹೇಳಿದ್ದೆನಲ್ಲ, ತಪ್ಪು ಕೆಲವು ಕೋಶಗಳಲ್ಲಿ ಮಾತ್ರ ಅಂತ. ಕಾಲಿನ ಮಾಂಸದಲ್ಲಿ ಇರುವ ತಪ್ಪು ಸಾಮಾನ್ಯವಾಗಿ ರಕ್ತದಲ್ಲಿ ಸಿಗುವುದಿಲ್ಲ. ಕೆಟ್ಟ ಭಾಗದ ಚೂರನ್ನೇ ತೆಗೆದು, ಬಹಳ ಆಳವಾಗಿ ಓದುವ ಪರೀಕ್ಷೆ ಮಾಡಬೇಕು. ಆಗಲೂ ಕೆಲವೊಮ್ಮೆ ಸಿಗುವುದಿಲ್ಲ. ಕೆಟಿಎಸ್ ಇರುವ ಬಹಳ ಮಕ್ಕಳಲ್ಲಿ ಸಿಗುವುದು ಪಿಐಕೆ3ಸಿಎ ಅನ್ನುವ ಜೀನ್‌ನ ತಪ್ಪು. ಕೋಶಗಳಿಗೆ "ಬೆಳೆ" ಅಂತ ಹೇಳುವ ಜೀನ್ ಅದು. ತಪ್ಪಾದಾಗ ಹೇಳುವುದನ್ನು ನಿಲ್ಲಿಸುವುದೇ ಇಲ್ಲ.

ಟೆಸ್ಟ್ ಈಗಲೇ ಬೇಕಾ ಅನ್ನುವುದು ಚಿಕಿತ್ಸೆ ಬದಲಾಗುತ್ತದಾ ಅನ್ನುವುದರ ಮೇಲೆ ನಿಂತಿದೆ. ಬೇರೆ ಕಾರಣಕ್ಕೆ ಆಪರೇಷನ್ ಆಗುವುದಿದ್ದರೆ ಆಗಲೇ ಚೂರು ತೆಗೆದಿಡಲು ಹೇಳಿ.

ಇನ್ನೊಂದು ಮಗು ಬೇಕು ಅಂತಿದ್ದೇವೆ. ಅದಕ್ಕೂ ಬರುತ್ತದಾ?

ಕೆಟಿಎಸ್ ಸಾಮಾನ್ಯವಾಗಿ ವಂಶದಲ್ಲಿ ಹರಿದು ಬರುವ ಕಾಯಿಲೆಯಲ್ಲ. ಅಪ್ಪ ಅಮ್ಮನ ಜೀನ್‌ನಲ್ಲಿ ಆ ತಪ್ಪು ಇರುವುದಿಲ್ಲ. ನಮಗೆ ಆಮೇಲೆ ಮಗ ಹುಟ್ಟಿದ, ಆರಾಮಾಗಿದ್ದಾನೆ. ಆದರೆ ಮನೆಯಲ್ಲಿ ಬೇರೆಯವರಿಗೂ ಸಣ್ಣ ಸಣ್ಣ ಕೆಂಪು ಕಲೆಗಳಿದ್ದರೆ ಜೆನೆಟಿಕ್ಸ್ ಡಾಕ್ಟರಿಗೆ ಹೇಳಲೇಬೇಕು. ರಕ್ತನಾಳದ ಕೆಲವು ಬೇರೆ ದೋಷಗಳು ವಂಶದಲ್ಲಿ ಬರುತ್ತವೆ.

ಆಪರೇಷನ್ ಮಾಡಿ ತೆಗೆದುಬಿಟ್ಟರೆ ಆಯ್ತಲ್ಲ?

ಬಳ್ಳಿಯ ಬೇರಿನ ಹಾಗೆ ಮಾಂಸದೊಳಗೆಲ್ಲ ಹಬ್ಬಿರುತ್ತದೆ, ಪೂರ್ತಿ ತೆಗೆಯಲು ಆಗುವುದು ಅಪರೂಪ. ತೊಂದರೆ ಕೊಡುವ ಭಾಗಕ್ಕೆ ಸ್ಕ್ಲೆರೋಥೆರಪಿ ಮಾಡುತ್ತಾರೆ. ಸ್ಕ್ಯಾನ್ ನೋಡುತ್ತ ಸೂಜಿಯಿಂದ ಔಷಧ ಬಿಟ್ಟು ಕೆಟ್ಟ ನಾಳ ಮುಚ್ಚುವ ಹಾಗೆ ಮಾಡುವುದು ಅದು. ಲಿಂಫ್ ಗುಳ್ಳೆಗೆ ಬ್ಲಿಯೋಮೈಸಿನ್, ಡಾಕ್ಸಿಸೈಕ್ಲಿನ್ ಥರದ್ದನ್ನು ಬಳಸುತ್ತಾರೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ವೇನ್ ಮುಚ್ಚುವ ಮೊದಲು ಆಳದ ವೇನ್ ಸರಿ ಇದೆಯಾ ಅಂತ ನೋಡಲೇಬೇಕು. ಕೆಲವು ಮಕ್ಕಳಲ್ಲಿ ಅದು ಸರಿಯಾಗಿ ಇರುವುದಿಲ್ಲ, ಆಗ ಹೊರಗಿನ ದಪ್ಪ ವೇನೇ ದಾರಿ. ಅದನ್ನೂ ಮುಚ್ಚಿದರೆ ರಕ್ತ ಎಲ್ಲಿಗೆ ಹೋಗಬೇಕು?

ಬಾಯಿಂದ ಕೊಡುವ ಸಿರೋಲಿಮಸ್ ಇದೆ. ಕಿಡ್ನಿ ಕಸಿ ಆದವರಿಗೆ ಕೊಡುವ ಔಷಧ ಅದು. ರಕ್ತ ಪರೀಕ್ಷೆ ಮಾಡುತ್ತ ಕೊಡಬೇಕು, ಬಾಯಿಹುಣ್ಣು ಬರಬಹುದು. ಆ ಔಷಧ ನಡೆಯುವಾಗ ಜೀವಂತ ಲಸಿಕೆಗಳನ್ನು ಡಾಕ್ಟರನ್ನು ಕೇಳದೆ ಹಾಕಿಸಬೇಡಿ. ಪಿಐಕೆ3ಸಿಎ ತಪ್ಪಿಗೇ ನೇರವಾಗಿ ನಾಟುವ ಆಲ್ಪೆಲಿಸಿಬ್ ಅನ್ನುವ ಔಷಧಕ್ಕೆ ಅಮೆರಿಕದಲ್ಲಿ 2022ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು, 2 ವರ್ಷ ಮೇಲ್ಪಟ್ಟ, ಕಾಯಿಲೆ ಜೋರಾಗಿರುವವರಿಗೆ. ಇವೆಲ್ಲ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ.

ನಮ್ಮ ದಿನದ ಚಿಕಿತ್ಸೆ ಬಿಗಿ ಕಾಲುಚೀಲ, ಅಷ್ಟೇ. ಬೆಳಿಗ್ಗೆ ಏಳುವ ಮೊದಲೇ ಹಾಕಬೇಕು. ಆಷಾಢದ ಮಳೆಯಲ್ಲಿ ಒಣಗುವುದಿಲ್ಲ ಅಂತ ಒಮ್ಮೆ ಬಚ್ಚಲ ಒಲೆಯ ಹತ್ತಿರ ಹಾಕಿದೆ, ರಬ್ಬರ್ ಸೆಳೆತವೆಲ್ಲ ಹೋಗಿ ಹೊಸ ಜೊತೆ ಹಾಳಾಯಿತು. ಈಗ ಎರಡು ಜೊತೆ ಇಟ್ಟು ಫ್ಯಾನಿನ ಕೆಳಗೆ ಒಣಗಿಸುತ್ತೇನೆ.

ಡಿ-ಡೈಮರ್ ಜಾಸ್ತಿ ಬಂದಿದೆ ಅಂದರು. ಹೆದರಬೇಕಾ?

ವೇನ್ ದೋಷದಲ್ಲಿ ರಕ್ತ ನಿಧಾನವಾಗಿ ನಿಲ್ಲುತ್ತ ಹರಿಯುವುದರಿಂದ ಒಳಗೇ ಸಣ್ಣದಾಗಿ ಹೆಪ್ಪುಗಟ್ಟುತ್ತ ಕರಗುತ್ತ ಇರುತ್ತದೆ. ಹೆಪ್ಪು ಕರಗಿದಾಗ ರಕ್ತದಲ್ಲಿ ಉಳಿಯುವ ಚೂರೇ ಡಿ-ಡೈಮರ್, ರಕ್ತಪರೀಕ್ಷೆಯಲ್ಲಿ ಅದು ಏರುವುದು ಅದಕ್ಕೆ. ಪತ್ತೆ ಹಚ್ಚುವಾಗಲೂ ಇದು ಸಹಾಯಕ್ಕೆ ಬರುತ್ತದೆ, ಬರೀ ಲಿಂಫ್ ದೋಷದಲ್ಲಿ ಸಾಮಾನ್ಯವಾಗಿ ಹೀಗೆ ಏರುವುದಿಲ್ಲ. ಯಾವ ಆಪರೇಷನ್ ಇದ್ದರೂ, ಹಲ್ಲು ಕೀಳಿಸುವುದಾದರೂ, ಮೊದಲೇ ಇದನ್ನು ಹೇಳಿ. ಆಸ್ಪಿರಿನ್‌ನ್ನು ಮಾತ್ರ ನೀವಾಗಿ ಶುರು ಮಾಡಬೇಡಿ.

ಒಂದು ಕಾಲು ಉದ್ದ ಆಗುತ್ತ ಹೋದರೆ ಮುಂದೆ ಕುಂಟುತ್ತಾಳಾ?

ಅವಳಿಗೆ ಈಗ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ಬಲಗಾಲಿನ ಚಪ್ಪಲಿಗೆ ಅಟ್ಟೆ ಹಾಕಿಸುತ್ತೇವೆ. ಎರಡು ಕಾಲಿಗೂ ಒಂದೇ ನಂಬರ್ ಬರುವುದಿಲ್ಲವಾದ್ದರಿಂದ ಎರಡು ಜೊತೆ ಕೊಂಡು ಒಂದೊಂದು ಬಿಸಾಡುವುದು ಬೇರೆ ಸಂಕಟ. ವರ್ಷಕ್ಕೊಮ್ಮೆ ಎಕ್ಸ್‌ರೇಯಲ್ಲಿ ಅಳೆಯುತ್ತಾರೆ. ಬೆಳೆದು ಮುಗಿಯುವಾಗ ವ್ಯತ್ಯಾಸ 2 ಸೆಂಟಿಮೀಟರ್ ದಾಟುವ ಅಂದಾಜಿದ್ದರೆ, ದೊಡ್ಡವಳಾಗುವ ವಯಸ್ಸಿನ ಹೊತ್ತಿಗೆ ಉದ್ದ ಕಾಲಿನ ಮೊಣಕಾಲಿನ ಹತ್ತಿರ ಎಲುಬು ಬೆಳೆಯುವ ಜಾಗವನ್ನು ತಡೆಯುವ ಸಣ್ಣ ಆಪರೇಷನ್ ಮಾಡಬಹುದು. ಸಮಯ ತಪ್ಪಿದರೆ ಆ ದಾರಿ ಮುಚ್ಚುತ್ತದೆ. ಅದಕ್ಕೇ ವರ್ಷ ವರ್ಷದ ಅಳತೆ.

ರಾತ್ರಿ ಹೊತ್ತು ಏನಾದರೆ ಕಾಯದೆ ಓಡಬೇಕು?

ಜ್ವರ ಬಂದು ಕಾಲು ಕೆಂಪಾಗಿ ಬಿಸಿಯಾದರೆ ಸೆಲ್ಯುಲೈಟಿಸ್ ಅನ್ನುವ ಚರ್ಮದ ಸೋಂಕು ಇರಬಹುದು, ಲಿಂಫ್ ಕೆಟ್ಟ ಕಾಲಿಗೆ ಇದು ಪದೇ ಪದೇ ಬರುತ್ತದೆ. ತಾಸುಗಳಲ್ಲಿ ಏರುತ್ತದೆ, ಬೆಳಗಾಗಲಿ ಅನ್ನಬೇಡಿ. ತಟ್ಟನೆ ಉಸಿರು ಕಟ್ಟಿದರೆ, ಎದೆ ನೋವು ಅಂದರೆ, ಕೆಮ್ಮಿದಾಗ ರಕ್ತ ಬಂದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. 108ಕ್ಕೆ ಫೋನ್ ಮಾಡಿ. ಒತ್ತಿ ಹಿಡಿದು ಕಾಲು ಎತ್ತಿಟ್ಟರೂ ರಕ್ತ ನಿಲ್ಲದಿದ್ದರೆ, ಮಲ ಮೂತ್ರದಲ್ಲಿ ರಕ್ತ ಕಂಡರೆ, ಕುತ್ತಿಗೆ ಅಥವಾ ನಾಲಿಗೆಯ ಗಂಟು ಬಾತು ಉಸಿರಿನಲ್ಲಿ ಗೊರಗೊರ ಅಂದರೆ ಆಗಲೂ. ಎಳೆ ಕೂಸಿನ ಮೈಮೇಲೆ ನೇರಳೆ ಬಣ್ಣದ ಗಟ್ಟಿ ಗಂಟು ದಿನದಿನಕ್ಕೆ ಬೆಳೆಯುತ್ತ ಅಲ್ಲಲ್ಲಿ ಚುಕ್ಕೆ ಚುಕ್ಕೆ ರಕ್ತದ ಕಲೆ ಎದ್ದರೆ ಪ್ಲೇಟ್‌ಲೆಟ್ ಕುಸಿಯುತ್ತಿರಬಹುದು, ಆ ದಿನವೇ ದೊಡ್ಡ ಆಸ್ಪತ್ರೆ.

ಶಾಲೆಯಲ್ಲಿ ಆಡಬಹುದಾ? ಸಮುದ್ರಕ್ಕೆ ಇಳಿಯಬಹುದಾ?

ಅಕ್ಕೋರಿಗೆ, ಅಂದರೆ ಟೀಚರಿಗೆ, ನಾನು ಒಂದು ಪುಟ ಬರೆದುಕೊಟ್ಟಿದ್ದೇನೆ. ಓಡಲಿ, ಆಡಲಿ, ಬಹಳ ಹೊತ್ತು ನಿಲ್ಲಿಸಬೇಡಿ. ಈಜು ಈ ಕಾಲಿಗೆ ಒಳ್ಳೆಯದು, ನೀರಿನ ಒತ್ತಡವೇ ಕಾಲುಚೀಲದ ಕೆಲಸ ಮಾಡುತ್ತದೆ. ಮರಳಿನ ದಂಡೆಯಲ್ಲಿ ಬಿಡುತ್ತೇವೆ, ಕಲ್ಲುಬಂಡೆಯ ಕಡೆ ಬಿಡುವುದಿಲ್ಲ. ಅಲ್ಲಿ ಕಾಲು ಕೊಯ್ದರೆ ಸೋಂಕು ಖಾತ್ರಿ. ತವರಿಗೆ ಮಳೆಗಾಲದಲ್ಲಿ ಹೋದರೆ ಉಂಬಳದ ಕಾಟ. ಕಚ್ಚಿದ ಜಾಗದಿಂದ ಎಲ್ಲರಿಗೂ ರಕ್ತ ಸೋರುತ್ತದೆ, ಇವಳಿಗೆ ಇನ್ನೂ ಜಾಸ್ತಿ. ಹಾಗಾಗಿ ಆಗ ತೋಟಕ್ಕೆ ಇಳಿಯುವಂತಿಲ್ಲ. ಇಂಜೆಕ್ಷನ್, ಸಲೈನ್ ಎಲ್ಲ ಬೇರೆ ಕೈ ಕಾಲಿಗೆ.

ಖರ್ಚಿಗೆ ಏನು ಮಾಡಿದಿರಿ?

ಸಾಲ ಮಾಡಿದೆವು, ಆಮೇಲೆ ಯೋಜನೆಗಳು ಗೊತ್ತಾದವು. ಅಂಗನವಾಡಿ ಮತ್ತು ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ 18 ವರ್ಷದವರೆಗಿನ ಮಕ್ಕಳ ಹುಟ್ಟು ದೋಷಗಳನ್ನು ನೋಡಿ ಮುಂದೆ ಕಳಿಸುತ್ತದೆ. ಅವರು ಬಂದ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ನಾಚಿಕೊಂಡು ನಾವು ಒಂದು ಸಲ ಹಾಗೆ ಮಾಡಿದ್ದೆವು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಬೇಕು. ಚೀಟಿ ಇಲ್ಲದೆ ಹೋಗಿ ಕೌಂಟರಿನಲ್ಲಿ ಜಗಳ ಆಡಿದವಳು ನಾನು, ಅದರಿಂದ ಹೇಳುತ್ತಿದ್ದೇನೆ.

ಆಯಿ, ನನ್ನ ಕಾಲಿಗೆ ಆ ಹೆಸರು ಇಟ್ಟವರು ಯಾರು?

ಮೊನ್ನೆ ಕಾಲುಚೀಲ ಏರಿಸುವಾಗ ಮಗಳು ಕೇಳಿದ್ದು. ಕ್ಲಿಪ್ಪೆಲ್, ಟ್ರೆನೋನೆ ಅಂತ ಇಬ್ಬರು ಫ್ರಾನ್ಸಿನ ಡಾಕ್ಟರು, 1900ರಲ್ಲಿ ಇಂಥ ಕಾಲಿನ ಬಗ್ಗೆ ಬರೆದರು ಅಂದೆ. ಅವರ ಕಾಲೂ ಹೀಗೇ ಇತ್ತಾ ಅಂದಳು. ಇಲ್ಲ ಅಂದೆ. "ಮತ್ತೆ ಅವರಿಗೆ ಹೇಗೆ ಗೊತ್ತಾಯಿತು?" ಬೇರೆಯವರ ಕಾಲನ್ನು ಸರಿಯಾಗಿ ನೋಡಿದರು ಅಂದೆ. ಅಷ್ಟರಲ್ಲಿ ಹೊರಗೆ ಶಾಲೆಯ ರಿಕ್ಷಾ ಹಾರನ್ ಹೊಡೆಯಿತು. ಬಲಗಾಲಿನ ಚಪ್ಪಲಿ ಎಲ್ಲೋ ಇಟ್ಟು ಮರೆತಿದ್ದಳು, ಇಬ್ಬರೂ ಸೇರಿ ಹುಡುಕಿದೆವು.